ಮಧ್ಯಾಹ್ನ ಹಿಡಿಯದ ಲಾಕ್

ಏಪ್ರಿಲ್ 7, ಸೋಮವಾರ. ಸಂಜೆ

ಮತ್ತೆ ಅದೇ ಜೀಪು. ಮೊಳಕಾಲ್ಮೂರಿನ ಏಕಾಂತಪ್ಪನವರದು. ಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ಕೆಲಸದವರನ್ನು ದಿನಾ ಹತ್ತಿಸಿ ಇಳಿಸುವ ಗಾಡಿ. ದೂರೂ ಅದೇ — ಡಿಫ್ ಲಾಕ್ ಒಮ್ಮೆ ಹಿಡಿಯುತ್ತದೆ, ಒಮ್ಮೆ ಕೈಕೊಡುತ್ತದೆ. ಲಾಕ್ ಬಿದ್ದರೆ ಹಿಂದಿನ ಎರಡು ಚಕ್ರವೂ ಒಟ್ಟಿಗೆ ತಿರುಗಿ ಗಾಡಿ ಕಲ್ಲು ಹತ್ತುತ್ತದೆ. ಬೀಳದಿದ್ದರೆ ಮೇಲೆದ್ದ ಚಕ್ರ ಸುಮ್ಮನೆ ಗಿರಗಿರ ಸುತ್ತುತ್ತದೆ, ನೆಲದಲ್ಲಿರುವುದು ನೋಡುತ್ತ ಕೂರುತ್ತದೆ.

ನಮ್ಮ ಚಳ್ಳಕೆರೆ ಗ್ಯಾರೇಜಿನಲ್ಲಿ ಮಾತ್ರ ಒಂದು ಸಲವೂ ಕೈಕೊಟ್ಟಿಲ್ಲ. ಜುಲ್ಫಿಕರ್ ಚಾಚಾ ಸ್ವಿಚ್ ಒತ್ತಿದರು. ದೀಪ ಹತ್ತಿತು. ಕೆಳಗೆ ಟಕ್ ಎಂದಿತು.

"ಗಾಡಿ ಸರಿ ಐತೆ ಏಕಾಂತಪ್ಪನವರೇ. ನಿಮ್ ಗುಡ್ಡನೇ ರಿಪೇರಿಗೆ ತಗೊಂಡ್ ಬರ್ರಿ."

ಎಲ್ಲರೂ ನಕ್ಕರು. ನಮ್ಮ ಮನೆಗೂ ಚಾಚಾನೇ ಹಿರಿಯರು, ಗ್ಯಾರೇಜಿಗೂ ಅವರೇ ಮಾಲೀಕರು. ನಗಲೇಬೇಕು. ಏಕಾಂತಪ್ಪ ನಗಲಿಲ್ಲ. ನಾನೂ.

ಏಪ್ರಿಲ್ 8, ಮಂಗಳವಾರ

ಬೆಳಿಗ್ಗೆಯೇ ಜಾಕಿ ಮೇಲೆ ಎತ್ತಿದೆ. ಲಾಕ್ ಹಾಕಿ ಒಂದು ಚಕ್ರ ತಿರುಗಿಸಿದರೆ ಇನ್ನೊಂದೂ ತಿರುಗಿತು. ವೈರ್ ನೋಡಿದೆ. ಸ್ವಿಚ್ ಬಿಚ್ಚಿದೆ. ಇದು ಗಾಳಿಯ ಒತ್ತಡಕ್ಕೆ ಬೀಳುವ ಲಾಕ್. ಸಣ್ಣ ಕಂಪ್ರೆಸರ್‌ನಿಂದ ಸಣ್ಣ ಪೈಪಿನಲ್ಲಿ ಗಾಳಿ ಹೋಗಬೇಕು. ಜಾಯಿಂಟುಗಳಿಗೆಲ್ಲ ಸೋಪಿನ ನೀರು ಹಚ್ಚಿದೆ. ಒಂದು ಗುಳ್ಳೆ ಏಳಲಿಲ್ಲ.

ತಪ್ಪು ಸಿಗಲಿಲ್ಲ, ಸಿಗುವತನಕ ಗಾಡಿ ಕೊಡಬೇಡಿ ಎಂದೆ. ಸಿಗಲಿಲ್ಲ ಅಂದರೆ ತಪ್ಪಿಲ್ಲ ಅಂತ ಅರ್ಥ ಎಂದರು ಚಾಚಾ. ಈ ಬಾಯಿಯಿಂದಲೇ ನೀನು ಕಾಲೇಜು ಬಿಟ್ಟೆ, ಇನ್ನು ಗ್ಯಾರೇಜೂ ಬಿಡ್ತೀಯಾ ಎಂದೂ ಕೇಳಿದರು. ಪ್ರಾಕ್ಟಿಕಲ್ ಪರೀಕ್ಷೆ ನಡೆಸಲು ಬಂದವರು ಕೇಳಿದ್ದಕ್ಕೆ, ವರ್ಷವಿಡೀ ಲ್ಯಾಬಿನ ಬೀಗವನ್ನೇ ತೆಗೆದಿಲ್ಲ ಎಂದಿದ್ದೆ. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ.

ಗಾಡಿ ಹೋಯಿತು.

ಏಪ್ರಿಲ್ 12, ಶನಿವಾರ

ನಿನ್ನೆ ಮಧ್ಯಾಹ್ನ ಜೀಪು ಗುಡ್ಡದಲ್ಲಿ ಹಿಂದಕ್ಕೆ ಜಾರಿದೆ. ಬಂಡೆಗೆ ಬಡಿದು ನಿಂತಿತಂತೆ. ಬಂಡೆ ಇಲ್ಲದಿದ್ದರೆ ಕೆಳಗೆ ಏನೂ ಇಲ್ಲ. ಗಾಳಿಯಂತ್ರದ ಟೆಕ್ನೀಷಿಯನ್ ಕಾಂಚನಾ ಎಂಬುವರ ಮಣಿಕಟ್ಟು ಮುರಿದಿದೆ. ಏಕಾಂತಪ್ಪ ಫೋನಿನಲ್ಲಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಾಚಾ ಫೋನ್ ಇಟ್ಟು, ಓಡಿಸಲು ಬರದವರಿಗೆ ಗುಡ್ಡ ಯಾಕೆ ಎಂದರು.

ನಿನ್ನೆ ಮಧ್ಯಾಹ್ನ... ಹಿಂದಿನ ಸಲವೂ ಮಧ್ಯಾಹ್ನವೇ. ನಾವು ನೋಡುವುದೆಲ್ಲ ಬೆಳಿಗ್ಗೆ, ಗಾಡಿ ತಣ್ಣಗೆ ನಿಂತ ಮೇಲೆ.

ನಾಳೆ ಹೋಗುತ್ತೇನೆ. ಚಾಚಾನ ಕೇಳುವುದಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆ.

ಏಪ್ರಿಲ್ 13, ಭಾನುವಾರ. ಮೊಳಕಾಲ್ಮೂರು ಬಸ್‌ಸ್ಟ್ಯಾಂಡ್

ಬಸ್ಸಿನಲ್ಲಿ ತಳಕು ಊರಿನವರೆಗೆ ನಿಂತೇ ಬಂದೆ. ಏಕಾಂತಪ್ಪ ಮೊದಲು ಕೇಳಿದ್ದು, ಚಾಚಾ ಕಳಿಸಿದ್ರಾ ಎಂದು. ಇಲ್ಲ ಎಂದೆ. ಹಾಗಾದರೆ ಜೀಪು ಹತ್ತು ಎಂದರು.

ಇಬ್ಬರೇ ಹೋದೆವು. ನೆತ್ತಿ ಸುಡುವ ಬಿಸಿಲು. ಗುಡ್ಡದ ಅರ್ಧಕ್ಕೆ ಸ್ವಿಚ್ ಒತ್ತಿದರು. ದೀಪ ಹತ್ತಿತು. ಟಕ್ ಇಲ್ಲ. ದೀಪ ಹತ್ತುವುದು ಸ್ವಿಚ್ ಒತ್ತಿದ್ದಕ್ಕೆ, ಲಾಕ್ ಬಿದ್ದದ್ದಕ್ಕಲ್ಲ. ಕಂಪ್ರೆಸರ್ ಮಾತ್ರ ನಿಲ್ಲದೆ ಗರಗರ ಎನ್ನುತ್ತಿತ್ತು. ಗಾಳಿ ತುಂಬಿದ್ದರೆ ಅದು ತಾನಾಗಿ ನಿಲ್ಲಬೇಕು.

ಚಕ್ರಗಳಿಗೆ ಕಲ್ಲು ಕೊಟ್ಟು ಕೆಳಗೆ ತೂರಿದೆ. ಬೆನ್ನಿಗೆ ನೆಲ ರೊಟ್ಟಿ ಹೆಂಚಿನ ಹಾಗೆ ಸುಟ್ಟಿತು. ಸೈಲೆನ್ಸರ್ ಪಕ್ಕದ ಜಾಯಿಂಟು ಉಸ್ ಎನ್ನುತ್ತಿತ್ತು. ಪೈಪಿಗೆ ಸುತ್ತಿದ್ದ ಟೇಪು ಬಿಚ್ಚಿದೆ. ಡ್ರಿಪ್ ಪೈಪು! ದಾಳಿಂಬೆ ಗಿಡದ ಬುಡಕ್ಕೆ ನೀರು ಬಿಡುವಂಥದ್ದು. ನಮ್ಮ ಕಡೆ ಏನು ಹರಿದರೂ ಅದೇ ಮದ್ದು. ಬೈಕಿನ ಪೆಟ್ರೋಲಿಗೂ ಡ್ರಿಪ್, ಬಟ್ಟೆ ಒಣಹಾಕಲೂ ಡ್ರಿಪ್. ತಣ್ಣಗಿದ್ದಾಗ ಕಚ್ಚಿ ಹಿಡಿಯುತ್ತದೆ. ಕಾದರೆ ಮೆತ್ತಗಾಗಿ ಹಿಡಿತ ಬಿಡುತ್ತದೆ.

"ಯಾರಪ್ಪಾ ಇದನ್ನ ಹಾಕಿದ್ದು?" ಎಂದರು ಏಕಾಂತಪ್ಪ.

ಗಾಡಿಯ ಮೂಲ ಪೈಪನ್ನು ಹಿಂದೊಮ್ಮೆ ಇಲಿ ಕಡಿದಿತ್ತು. ಬದಲಿಸಿದ್ದು ಯಾರು ಎಂದು ಗ್ಯಾರೇಜಿನಲ್ಲಿ ಎಲ್ಲರಿಗೂ ಗೊತ್ತು. ಯಾವುದರಿಂದ ಬದಲಿಸಿದರು ಎಂದು ಯಾರೂ ನೋಡಿರಲಿಲ್ಲ, ಅಷ್ಟೇ.

"ನಮ್ ಚಾಚಾ" ಎಂದೆ.

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಗೊತ್ತಿತ್ತಲ್ಲ. ಏಕಾಂತಪ್ಪ ತೆಲುಗಿನಲ್ಲಿ ಒಂದು ಮಾತಂದರು. ಅರ್ಥವಾಯಿತು. ಇಲ್ಲಿ ಬರೆಯುವುದಿಲ್ಲ.

ಅದೇ ದಿನ, ಸಂಜೆ

ಚಾಚಾ ಮನೆಯಲ್ಲಿ ಉರ್ದುವಿನಲ್ಲಿ ಬೈಯುತ್ತಾರೆ, ಗ್ಯಾರೇಜಿನಲ್ಲಿ ಕನ್ನಡದಲ್ಲಿ. ಇವತ್ತು ಎರಡೂ. ಪೈಪಿನ ತಪ್ಪು ಹಿಡಿದದ್ದಕ್ಕಲ್ಲ, ಏಕಾಂತಪ್ಪನವರಿಗೆ ಅವರ ಹೆಸರು ಹೇಳಿದ್ದಕ್ಕೆ. ಆಮೇಲೆ ದನಿ ಇಳಿಸಿದರು. ಬೈಗುಳಕ್ಕಿಂತ ಅದಕ್ಕೇ ಹೆಚ್ಚು ಭಯವಾಯಿತು.

"ನೋಡು ಶಾನು, ನೀನೇ ಹಾಕಿದ್ದು ಅಂದುಬಿಡು. ಹುಡುಗ, ತಿಳೀದೆ ಮಾಡಿದ ಅಂತ ಮರೀತಾರೆ. ನಾನು ಅಂದ್ರೆ ಆ ಕಡೆಯಿಂದ ಒಂದ್ ಗಾಡಿನೂ ಬರಲ್ಲ."

"ನಾನು ಹಾಕಿಲ್ಲ ಚಾಚಾ."

"ಹಂಗಾದ್ರೆ ನಾಳೆಯಿಂದ ಗ್ಯಾರೇಜಿನ ಕಡೆ ಕಾಲಿಡಬೇಡ."

ಒಂದು ಮಾತು ತಾನೇ, ಅಂದುಬಿಡು ಬೇಟಾ ಎಂದಳು ಅಮ್ಮಿ. ಅಂದರೆ ಕಾಂಚನಾ ಅವರ ಕೈ ಮುರಿದವನು ನಾನಾಗುತ್ತೇನೆ. ಜೀವನಪೂರ್ತಿ. ಅನ್ನುವುದಿಲ್ಲ. ಗ್ಯಾರೇಜು ಹೋದರೆ ಹೋಗಲಿ... ಹೋದರೆ ಎಲ್ಲಿಗೆ ಹೋಗುವುದೋ ಗೊತ್ತಿಲ್ಲ. ಆದರೂ ಅನ್ನುವುದಿಲ್ಲ.

ಏಪ್ರಿಲ್ 16, ಬುಧವಾರ

ಮನೆಯಲ್ಲೇ. ಸೈಕಲ್ ಬಿಚ್ಚಿ ಜೋಡಿಸಿದೆ. ಫ್ಯಾನು ಬಿಚ್ಚಿದೆ. ಅಮ್ಮಿ ಮಿಕ್ಸಿಯನ್ನು ಬಚ್ಚಿಟ್ಟಿದ್ದಾಳೆ.

ಮಧ್ಯಾಹ್ನ ಏಕಾಂತಪ್ಪ ಜೀಪಿನಲ್ಲಿ ಗ್ಯಾರೇಜಿಗೆ ಬಂದು ನನ್ನನ್ನು ಕರೆಸಿದರು, ಬಳ್ಳಾರಿಯಿಂದ ಸರಿಯಾದ ನೈಲಾನ್ ಪೈಪು ತರಿಸಿಕೊಂಡು. ಹಾಕುವುದು ಈ ಹುಡುಗನೇ ಎಂದರು, ಚಾಚಾ ಎದುರಿಗೇ. ಗ್ಯಾರೇಜಿನ ಒಳಗೆ ನನಗೆ ಜಾಗವಿಲ್ಲ. ರಸ್ತೆ ಬದಿಯಲ್ಲೇ ಮಲಗಿ ಹಾಕಿದೆ. ಸೈಲೆನ್ಸರ್‌ನಿಂದ ದೂರ ಸುತ್ತಿಸಿ, ಅಲ್ಲಲ್ಲಿ ಕ್ಲಾಂಪ್ ಕೊಟ್ಟೆ. ಚಾಚಾ ಬಾಗಿಲಲ್ಲಿ ನಿಂತು ನೋಡಿದರು. ಸ್ಪ್ಯಾನರ್ ಕೊಡು ಎಂದರೆ ಕೊಡುವಷ್ಟು ಹತ್ತಿರ. ನಾನು ಕೇಳಲಿಲ್ಲ.

ನಾಳೆ ಗುಡ್ಡದಲ್ಲಿ ಟ್ರಯಲ್. ಚಾಚಾನನ್ನೂ ಕರೆದಿದ್ದಾರೆ.

ಏಪ್ರಿಲ್ 17, ಗುರುವಾರ. ಮಧ್ಯಾಹ್ನ, ಗುಡ್ಡದ ಬುಡ

ಎಂಜಿನ್ ಕಾಯಲಿ ಎಂದು ಚಾಲೂ ಬಿಟ್ಟಿದ್ದಾರೆ. ಚಾಚಾ ಬೈಕಿನಲ್ಲಿ ಬಂದರು, ಇಸ್ತ್ರಿ ಮಾಡಿದ ಬಿಳಿ ಶರ್ಟು. ಕಾಂಚನಾ ಅವರೂ ಬಂದಿದ್ದಾರೆ. ಕೈಗೆ ಪ್ಲಾಸ್ಟರ್.

"ಮೊದಲು ಆ ಪೈಪ್ ಹಾಕಿದ್ದು ಯಾರು ಅಂತ ಹೇಳ್ರಿ. ಆಮೇಲೆ ಹತ್ತೋದು ಬಿಡೋದು ನಂಗೆ ಬಿಟ್ಟಿದ್ದು" ಎಂದರು ಅವರು.

ಚಾಚಾ ನನ್ನ ಕಡೆ ಗಲ್ಲ ಎತ್ತಿದರು. "ಹುಡುಗ ಮೇಡಂ. ತಿಳೀಲಿಲ್ಲ."

"ನಾನಲ್ಲ" ಎಂದೆ. ಚಾಚಾನ ಮುಖ ನೋಡಿಯೇ ಎಂದೆ.

ಮೇಲೆ ಗಾಳಿಯಂತ್ರದ ರೆಕ್ಕೆ ಸುಯ್ ಸುಯ್ ಎನ್ನುತ್ತಿತ್ತು. ಚಾಚಾ ಕೈಗಡಿಯಾರ ಬಿಚ್ಚಿ ಬಾನೆಟ್ ಮೇಲಿಟ್ಟರು. ಬಿಳಿ ಶರ್ಟಿನಲ್ಲೇ ಜೀಪಿನ ಕೆಳಗೆ ತೂರಿದರು. ನನ್ನ ಪೈಪನ್ನು ಎಳೆದೆಳೆದು ನೋಡುವುದು ಕೇಳಿಸಿತು. ಹೊರಬಂದಾಗ ಬೆನ್ನೆಲ್ಲ ಕೆಮ್ಮಣ್ಣು.

ನಮ್ಮ ಗ್ಯಾರೇಜಿನಲ್ಲಿ ಒಂದು ಪದ್ಧತಿ. ಟ್ರಯಲ್‌ಗೆ ಹೋಗುವಾಗ ಕೆಲಸಕ್ಕೆ ಕೈ ಹಾಕಿದವನೇ ಡ್ರೈವರ್ ಪಕ್ಕ ಕೂರಬೇಕು. ಹೆಚ್ಚುಕಡಿಮೆಯಾದರೆ ಮೊದಲು ಅವನಿಗೇ ಆಗಲಿ ಎಂದು. ಏಕಾಂತಪ್ಪನವರಿಗೂ ಇದು ಗೊತ್ತು. ಚಾಚಾ ಹೋಗಿ ಆ ಸೀಟಿನಲ್ಲಿ ಕೂತರು.

"ನೀವ್ ಇಲ್ಲೇ ಇರ್ರಿ ತಾಯಿ. ಮೊದಲು ನಾನ್ ಹೋಗ್ಬರ್ತೀನಿ. ಹಾಕಿದ್ದು ನಾನು."

ಹೊರಗಿನವರ ಮುಂದೆ ಅಷ್ಟು ಮೆಲ್ಲಗೆ ಚಾಚಾ ಮಾತಾಡಿದ್ದು ಕೇಳಿರಲಿಲ್ಲ. ಕಾಂಚನಾ ತಲೆಯಾಡಿಸಿದರು. ಕ್ಷಮಿಸಿದರೋ ಇಲ್ಲವೋ ತಿಳಿಯಲಿಲ್ಲ. ಚಾಚಾ ನನಗೆ, ನೀನು ಹಿಂದೆ ಹತ್ತು ಲೇ ಎಂದರು.

ಹಿಂದೆ ಹತ್ತುವುದಿಲ್ಲ. ಹಳೆಯ ಪೈಪು ಅವರದು, ಹೊಸದು ನನ್ನದು. ಇವತ್ತು ಆ ಸೀಟು ನನ್ನದು. ಹೇಳಿಯೂ ಆಯಿತು. ಅವರು ಇಳಿಯುತ್ತಿಲ್ಲ, ನಾನು ಹತ್ತುತ್ತಿಲ್ಲ. ಈ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಏಕಾಂತಪ್ಪ ಹಾರ್ನ್ ಹೊಡೆಯುತ್ತಿದ್ದಾರೆ.

ಚಾಚಾ ಪಕ್ಕಕ್ಕೆ ಸರಿದು ಕೂತರು. ಅರ್ಧ ಸೀಟು ಬಿಟ್ಟಿದ್ದಾರೆ. ಈ ಕಡೆ ನೋಡುತ್ತಿಲ್ಲ. ಅರ್ಧ ಸಾಲದು. ಆದರೂ ಮತ್ತೆ ಹಾರ್ನ್... ಬಂದೆ ಎಂದೆ. ಲಾಕ್ ಹಿಡಿದರೆ ಉಳಿದದ್ದು ಮೇಲೆ ಹೋಗಿ ಬರೆಯುತ್ತೇನೆ.