ಫಿಸಿಯೋಥೆರಪಿಯವರ ಮೇಲೊಂದು ಕಣ್ಣಿರಲಿ

ತಂಗಿ,

ನಾನು ಉಪನ್ಯಾಸಕ್ಕೆ ಹೊರಟಿದ್ದೇನೆ. ಮಗಳ ಮುರಿದ ಕಾಲಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ಸಂಜೆ ಬರುತ್ತಾರೆ. ಅವಳ ಬಳಿ ಅವರನ್ನು ಕ್ಷಣಕಾಲವೂ ಒಂಟಿಯಾಗಿ ಬಿಡಬೇಡ.

ಅವಳಿಗೆ ಮೂರ್ಛೆರೋಗವಿದೆಯೆಂದು ಮೊನ್ನೆ ಅವರಿಗೆ ತಿಳಿಸಿದೆ. ಅಂದಿನಿಂದ ಅವಳನ್ನು ಎಬ್ಬಿಸಿ ನಿಲ್ಲಿಸುವುದನ್ನೇ ಕೈಬಿಟ್ಟು, ಮಂಚದ ಮೇಲೆ ಪಾದವನ್ನಷ್ಟೇ ಆಡಿಸುತ್ತಿದ್ದಾರೆ. ಕಾರಣ ಕೇಳಿದರೆ, “ಸುಸ್ತಾದ್ರೆ ಫಿಟ್ಸ್ ಬರುತ್ತೆ ಸರ್. ಬಂದ್ರೂ ಹೆದರ್ಬೇಡಿ, ಹಲ್ಲಿನ ಮಧ್ಯೆ ಚಮಚ ಇಟ್ಬಿಡ್ತೀನಿ” ಎಂದರು. ಪದವಿಪತ್ರ ಗೋಡೆಗೇರಿದರೆ ಸಾಲದು, ವಿದ್ಯೆ ತಲೆಗಿಳಿಯಬೇಕು.

“ಅಪ್ಪಾ, ಅವರಿಗೆ ನನ್ನ ಕಾಲಿಗಿಂತ ಬಾಯಿ ಮೇಲೇ ಕಣ್ಣು” ಎಂದು ಮಗಳು ನಗುತ್ತಾಳೆ. ನನಗೆ ನಗು ಬರುವುದಿಲ್ಲ.

ಅವಳನ್ನು ನಡೆಸಲೇಬೇಕೆಂದು ಪಟ್ಟು ಹಿಡಿ, ವೈದ್ಯರ ಅಪ್ಪಣೆಯಿದೆ. ಇಲ್ಲವಾದರೆ ಕಾಲು ಮರಗಟ್ಟೀತು. ಫಿಟ್ಸ್ ಬಂದರೆ ಮಗ್ಗುಲಿಗೆ ಹೊರಳಿಸು. ಕೈಕಾಲು ಅದುಮಲು ಬಿಡಬೇಡ, ಬಾಯಿಗೆ ಏನನ್ನೂ ಇಡಗೊಡಬೇಡ. ಬೇಗ ನಿಲ್ಲದಿದ್ದರೆ ವೈದ್ಯರಿಗೆ ಫೋನ್ ಮಾಡು.

ದೇವರು ಕಾಯುತ್ತಾನೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ ಮನೆಯ ಚಮಚಗಳನ್ನೆಲ್ಲ ಕೈಚೀಲದಲ್ಲಿ ಒಯ್ಯುತ್ತಿದ್ದೇನೆ. ನಿನಗೆ ಸೌಟೊಂದನ್ನು ಉಳಿಸಿದ್ದೇನೆ. ಅದು ಅವಳ ಬಾಯಿಗೆ ಹಿಡಿಸದು. ಸಭೆಯಲ್ಲಿ ಚೀಲ ಗಲಗಲ ಎಂದರೆ ಎನ್ನಲಿ.

ಅಣ್ಣ