ಜಹೀರ ಹಿಡಿದಿಟ್ಟ ಜಾಗ

ಆಳಂದ, ೧೯-೧೧-೧೯೪೮, ಶುಕ್ರವಾರ

ಕೇಳಿಸದವನಂತೆ ನಟಿಸಿದೆ. ಅದೇ ಕೊರೆಯುತ್ತಿದೆ.

ಸಿನಿಮಾ ಟೆಂಟಿನಲ್ಲಿ ಜಹೀರುದ್ದೀನ ತನ್ನ ಪಕ್ಕ ಟವಲು ಹಾಸಿ ಕೂಗಿದ: "ಜಾಗಾ ಹಿಡದೇನಿ, ಬಾರಲೇ!" ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು.

ಜೊತೆಗೆ ಬಂದಿದ್ದ ಕಾಕಾ ನನ್ನ ರಟ್ಟೆ ಹಿಡಿದರು. "ನಿಜಾಮನ ರಾಜ್ಯ ಹೋಗೇತಿ. ಮಂದಿ ನೋಡ್ತಾರ, ಅವನ ಬಾಜು ಕೂಡಬ್ಯಾಡ." ಮುಂದೆ ಹೋಗಿ ಕೂತೆ.

ಸಿನಿಮಾ ನಮ್ಮಂತೆಯೇ ಶಾಲೆ ಮುಗಿಸಿದ ಮೂವರು ಪೆದ್ದರ ಕಥೆ. ಹಿಡಿದ ಕೆಲಸವೆಲ್ಲ ಕೆಡಿಸಿ, ಕೊನೆಗೆ ಶಾಲೆಯ ಹಳೇ ಬೆಂಚಿಗೇ ಬಂದು ಕೂರುತ್ತಾರೆ. ಉರ್ದು ತಮಾಷೆ ನನಗೆ ಹೊಳೆಯುವುದು ನಿಧಾನ. ಯಾವಾಗಲೂ ಜಹೀರ ನಕ್ಕ ಮೇಲೆ ನಾನು ನಗುತ್ತಿದ್ದೆ. ಟೆಂಟೆಲ್ಲ ನಕ್ಕಿತು. ಅವನ ನಗುವಿಗೆ ಕಾದೆ, ಬರಲಿಲ್ಲ.

ದೀಪ ಹತ್ತಿದಾಗ ತಿರುಗಿದೆ. ಕಾಲಿಡಲು ಜಾಗವಿಲ್ಲದ ಆ ಗದ್ದಲದಲ್ಲಿ, ಖಾಲಿ ಟವಲಿನ ಮೇಲೆ ಕೈಯಿಟ್ಟುಕೊಂಡು ಜಹೀರ ಇನ್ನೂ ಕೂತಿದ್ದ.