‘ಸೋನಾ ಕಾಗಜಿ’ಗೂ ಒಂದು ಗಂಡು ಬೇಕು

ತೋಟಗಾರಿಕೆ ನಿರ್ದೇಶಕರ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನಿಮ್ಮ ಹೊಸ ಅಕ್ರೋಟು ತಳಿಯ ಕರಪತ್ರದಲ್ಲಿ ಒಂದು ಸುಳ್ಳಿದೆ. ಈ ಚಳಿಗಾಲ ನೀವು ಹಂಚಲಿರುವ ಹತ್ತು ಸಾವಿರ ಕಸಿ ಸಸಿಗಳ ಜೊತೆ ಅದೂ ನಮ್ಮ ಕಣಿವೆಯ ಮನೆಮನೆಗೆ ಹೋಗಲಿದೆ.

‘ಸೋನಾ ಕಾಗಜಿ’ಯ ಗುಣಗಾನ ನನಗೆ ಬಾಯಿಪಾಠವಾಗಿದೆ. ತಡವಾಗಿ ಚಿಗುರುವುದರಿಂದ ವಸಂತದ ಹಿಮಕ್ಕೆ ಸಿಗದು, ಚಿಪ್ಪು ಹೆಸರಿಗೆ ತಕ್ಕಂತೆ ಕಾಗದದ ಹಾಗೆ, ಎರಡು ಬೆರಳಲ್ಲಿ ಒಡೆಯುವಷ್ಟು ತೆಳು, ತಿರುಳು ಬೆಳ್ಳಗೆ, ಮುರಿಯದೆ ಬರುತ್ತದೆ, ಅಡ್ಡರೆಂಬೆಗಳಲ್ಲೂ ಕಾಯಿ. ಹೇಳಲು ಹೊಟ್ಟೆ ಉರಿಯುತ್ತದೆ, ಆದರೂ ಎಲ್ಲ ನಿಜ. ಆ ತಾಯಿಮರ ನನ್ನ ಬೇಲಿಯಾಚೆ, ಸೋನಾವುಲ್ಲಾ ವಾಗೆಯ ಅಂಗಳದಲ್ಲಿದೆ. ಅವನು ಅದನ್ನು ನೆಟ್ಟವನೂ ಅಲ್ಲ. ಕಾಗೆ ಬೀಳಿಸಿ ಮರೆತ ಕಾಯಿ ಮೊಳೆತದ್ದು. ತಳಿಗೆ ಅವನ ಹೆಸರು, ಅವನ ಹೆಗಲಿಗೆ ನಿಮ್ಮ ಶಾಲು. ನನ್ನಜ್ಜ ನೆಟ್ಟ ನನ್ನ ಮರಕ್ಕೆ ನಿಮ್ಮ ಅಧಿಕಾರಿ ಕೊಟ್ಟ ಬಿರುದು ಗೊತ್ತೇ? “ಗಟ್ಟಿ ಚಿಪ್ಪು, ಕಪ್ಪು ತಿರುಳು. ಸೌದೆಗೆ ಲಾಯಕ್ಕು ಬಿಡಿ.”

ಇನ್ನು ಆ ಸುಳ್ಳು: “ಪರಾಗಕ್ಕೆ ಬೇರೆ ಮರದ ಅಗತ್ಯವಿಲ್ಲ.” ಮದುವೆ ಗಂಡಿಲ್ಲದೆ ನಿಕಾಹ್ ಓದಿಸಿದ ಮೊದಲಿಗರು ತಾವೇ ಇರಬೇಕು! ಆ ಮರದ ಗಂಡು ಹೂವಿನ ಜೊಂಪೆಗಳು ಪರಾಗ ಚೆಲ್ಲಿ ಒಣಗಿದ ಮೇಲೆ ಅದರ ಹೆಣ್ಣು ಹೂವು ಕಣ್ಣು ಬಿಡುತ್ತದೆ. ಅಷ್ಟರಲ್ಲಿ ಊರಿನ ಉಳಿದ ಮರಗಳದ್ದೂ ಮುಗಿದಿರುತ್ತದೆ. ಆಗಲೂ ಪರಾಗ ಚೆಲ್ಲುತ್ತಿರುವುದು ನನ್ನ ಸೌದೆ ಮರವೊಂದೇ.

ಸಾಕ್ಷಿ ಕೇಳುವಿರಿ. ಇದೆ, ಆದರೆ ನಾಚಿಕೆಗೇಡಿನದು. ಶಾಲು ಹೊದಿಸಿದ ಮರುವಸಂತ ನಾನು ನನ್ನ ಮರ ಹತ್ತಿ, ಕಾಯಿ ಬಡಿಯುವ ಉದ್ದ ಕೋಲಿನಿಂದ ಮೂರು ದಿನ ಜೊಂಪೆಗಳನ್ನೆಲ್ಲ ಬಡಿದು ಕೆಡವಿದೆ.

“ಹೂವಿಗೆ ಬಡೀತಿದ್ದೀರಲ್ಲ, ತಲೆ ಕೆಟ್ಟಿದೆಯಾ ನಿಮಗೆ?” ಎಂದಳು ಹೆಂಡತಿ ಜೂನಿ.

“ಮರಕ್ಕೆ ಹುಳ ಬಿದ್ದಿದೆ ಕಣೇ.”

“ಮರಕ್ಕೆ ಬಿದ್ದಿಲ್ಲ, ನಿಮಗೆ ಬಿದ್ದಿದೆ,” ಎಂದು ಒಳಗೆ ಹೋದಳು.

ಆ ವರ್ಷ ಸೋನಾವುಲ್ಲಾನ ಮರದಲ್ಲಿ ಕಾಯೇ ಇಲ್ಲ. ನನ್ನ ಮರದ ಹೆಣ್ಣು ಹೂವು ಮೊದಲೇ ಅರಳುವುದರಿಂದ ಅದಕ್ಕೆ ಊರಿನ ಮರಗಳ ಪರಾಗ ಸಿಕ್ಕಿ ಕಾಯಿ ಕಟ್ಟಿತ್ತು. ಸುಗ್ಗಿಯಲ್ಲಿ ಹಸಿರು ಸಿಪ್ಪೆ ಸುಲಿದು ಊರಿನವರೆಲ್ಲರ ಅಂಗೈ ಮಸಿಯಾಗಿರುತ್ತದೆ, ತಿಂಗಳು ತೊಳೆದರೂ ಹೋಗದು. ಸೋನಾವುಲ್ಲಾ ಮಸಿಯಿಲ್ಲದ ಕೈ ಚಾಚಿದಾಗ ರೊಟ್ಟಿಯಂಗಡಿಯವನು ಕೆಣಕಿದ: “ಏನ್ ವಾಗೆ ಸಾಹೇಬ್ರೆ, ಶಾಲು ಬಂದ್ಮೇಲೆ ಗುಮಾಸ್ತನ ಕೈ ಆಗ್ಬಿಟ್ಟಿದೆ!” ಎಲ್ಲರೂ ನಕ್ಕರು. ಅದಕ್ಕೆಂದೇ ಕಾದಿದ್ದ ನನಗೆ ಮಾತ್ರ ನಗು ಬರಲಿಲ್ಲ. ಸೋನಾವುಲ್ಲಾ ಕೈಯನ್ನು ಫೆರನ್ ನಿಲುವಂಗಿಯೊಳಗೆ ಎಳೆದುಕೊಂಡು ನನ್ನತ್ತ ತಿರುಗಿದ. “ಕಾಕಾ, ನಿಮ್ಮ ಕಾಯಿ ಸುಲಿಯೋಕೆ ಬರ್ಲಾ? ಸುಮ್ನೆ ಕೂತು ಬೇಜಾರು.” ಬಂದ. ನಾಲ್ಕು ದಿನ ಸುಲಿದು, ಕಪ್ಪಾದ ಕೈ ತೋರಿಸುತ್ತಾ ಊರು ಸುತ್ತಿದ.

ನಿಮ್ಮ ಇಲಾಖೆ “ಹವಾಮಾನ ವೈಪರೀತ್ಯ” ಎಂದು ಷರಾ ಬರೆಯಿತು. ಮಾನ್ಯರೇ, ಆ ವೈಪರೀತ್ಯ ನಾನು.

ಸಸಿ ನೆಟ್ಟವರಿಗೆ ತಾವು ಮೋಸಹೋದದ್ದು ತಿಳಿಯಲು ಏಳೆಂಟು ವರ್ಷ ಬೇಕು. ಕರಪತ್ರ ತಿದ್ದಿ. ಪ್ರತಿ ಹತ್ತು ಸಸಿಗೆ ನನ್ನ ಮರದ ಕಸಿ ಒಂದನ್ನು ಕೊಡಿ. ಕಸಿ ಕಟ್ಟುವ ಕಡ್ಡಿ ಪುಕ್ಕಟೆ ಒಯ್ಯಿರಿ. ಕರಪತ್ರದಲ್ಲಿ ನನ್ನ ಹೆಸರೂ ಇರಲಿ ಎಂಬ ಆಸೆ ಇನ್ನೂ ಸತ್ತಿಲ್ಲ. ಹಾಕದಿದ್ದರೂ ಕಡ್ಡಿ ಒಯ್ಯಿರಿ.

ಸೋನಾವುಲ್ಲಾಗೆ ಓದಲು ಬಾರದು. ದಿನವೂ ಅವನಿಗೆ ಪತ್ರಿಕೆ ಓದಿ ಹೇಳುವವನು ನಾನೇ. ಈ ಬಹಿರಂಗ ಪತ್ರ ಅದರಲ್ಲಿ ಅಚ್ಚಾದ ದಿನ ಇದನ್ನೂ ಓದುತ್ತೇನೆ.

ಇಂತಿ,
ಹೊಟ್ಟೆಕಿಚ್ಚಿನಲ್ಲಿ ನೆರೆಯವನ ಬೆಳೆ ಸುಟ್ಟವನು,
ಮಹದ್ ಸುಬ್ಹಾನ್ ತಾಂತ್ರೆ